ಅಕೌಂಟ್ ತೆರೆಯೋಕೆ ಎರಡು ನಿಮಿಷ, ಮುಚ್ಚೋಕೆ ಮೂರು ದಿನ. ತಪ್ಪು ನಂದಾ?

ಬ್ಲೌಸ್_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಪಿ.ಜೆ. ಬಡಾವಣೆ ಕಡೆ ನನ್ನದೊಂದು ಚಿಕ್ಕ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಡಿಸೈನ್ ಫೋಟೋ ಹಾಕಿದರೆ ಗಿರಾಕಿ ಬರ್ತಾರೆ ಅಂತ ಮಗಳು ಹೇಳಿದಳು, ಒಂದು ಆ್ಯಪ್‌ನಲ್ಲಿ ಅಕೌಂಟ್ ತೆರೆದೆ. ಮಧ್ಯದಲ್ಲಿ ‘ಗೆಳೆಯರನ್ನು ಹುಡುಕಿ’ ಅಂತ ದೊಡ್ಡ ನೀಲಿ ಬಟನ್ ಬಂತು, ಮುಂದೆ ಹೋಗೋಕೆ ಇದನ್ನೇ ಒತ್ತಬೇಕೇನೋ ಅಂದುಕೊಂಡು ಒತ್ತಿದೆ. ‘ಈಗ ಬೇಡ’ ಅನ್ನೋದು ಕೆಳಗೆ ಬೂದು ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ ಇತ್ತು. ಮಗಳು ಆಮೇಲೆ ತೋರಿಸಿದಳು. ಅಷ್ಟರಲ್ಲಿ ಫೋನಲ್ಲಿದ್ದ ನಂಬರ್ ಎಲ್ಲಾ ಹೋಗಿ, ಗ್ಯಾಸ್ ಸಿಲಿಂಡರ್ ಹಾಕುವ ಹುಡುಗ, ಹಳೇ ಮನೆ ಓನರ್, ಮೂರು ವರ್ಷದಿಂದ ಮಾತು ಬಿಟ್ಟ ನಾದಿನಿ, ಎಲ್ಲರಿಗೂ ನನ್ನ ಹೆಸರಲ್ಲಿ ‘ಬನ್ನಿ, ಸೇರಿಕೊಳ್ಳಿ’ ಅಂತ ಕರೆ ಹೋಗಿದೆ. ನಾದಿನಿ ಫೋನ್ ಮಾಡಿ “ಏನು, ಈಗ ನೆನಪಾಯ್ತಾ?” ಅಂದಳು.

ಇದರ ಸಹವಾಸವೇ ಬೇಡ ಅಂತ ತೆಗೆಯೋಕೆ ಹೋದರೆ ಬಾಗಿಲೇ ಸಿಗಲಿಲ್ಲ. ಸ್ವಲ್ಪ ದಿನ ವಿರಾಮ ತಗೊಳ್ಳಿ ಅನ್ನುತ್ತದೆ, ಕಾರಣ ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಕೊನೆಗೆ ‘ಇವರು ನಿಮ್ಮನ್ನು ಮಿಸ್ ಮಾಡ್ಕೊಳ್ತಾರೆ’ ಅಂತ ಅದೇ ನಾದಿನಿ ಫೋಟೋ ತೋರಿಸುತ್ತದೆ! ಹೇಗೋ ಮುಗಿಸಿದೆ. ಮರುದಿನ ಏನೋ ಮೆಸೇಜ್ ಬಂತು ಅಂತ ಒತ್ತಿದರೆ ಅಕೌಂಟ್ ಮತ್ತೆ ಎದ್ದು ಕೂತಿದೆ. ನಮ್ಮ ಯಜಮಾನರು “ಓದದೆ ಒತ್ತಿದರೆ ಹಿಂಗೇ” ಅಂತಾರೆ. ಹೌದಾ?

ಕೋಟೆ_ಕಡೆಯವನು:
ಅಕ್ಕ, ನಾನು ಚಿತ್ರದುರ್ಗದವನು, ಹೊಟ್ಟೆಪಾಡಿಗೆ ಇಂಥ ಬಟನ್‌ಗಳನ್ನೇ ಡಿಸೈನ್ ಮಾಡುತ್ತೇನೆ. ನಿಮ್ಮ ತಪ್ಪಲ್ಲ. ಬಟನ್ ಎಷ್ಟು ದೊಡ್ಡದು, ಯಾವ ಬಣ್ಣ, ಎಲ್ಲಿ ಕೂರಬೇಕು, ಇದ್ಯಾವುದೂ ಸುಮ್ನೆ ಆಗಿರುವುದಲ್ಲ. ಎರಡು ಥರ ಸ್ಕ್ರೀನ್ ಮಾಡಿ ಒಂದಷ್ಟು ಜನಕ್ಕೆ ಇದು, ಒಂದಷ್ಟು ಜನಕ್ಕೆ ಅದು ತೋರಿಸುತ್ತಾರೆ. ಯಾವುದನ್ನು ಜಾಸ್ತಿ ಜನ ಒತ್ತಿದರೋ ಅದು ಉಳಿಯುತ್ತದೆ. ಅಂದರೆ ನೀವು ಎಡವುವ ಜಾಗ ನೋಡಿಯೇ ಅಲ್ಲಿ ಕಲ್ಲು ಇಟ್ಟಿರುತ್ತಾರೆ.

ಇದಕ್ಕೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. ಹ್ಯಾರಿ ಬ್ರಿಗ್ನಲ್ ಅನ್ನುವ ಇಂಗ್ಲೆಂಡಿನ ಡಿಸೈನರ್ 2010ರಲ್ಲಿ ಇಟ್ಟ ಹೆಸರು. ನಿಮ್ಮ ನಾದಿನಿ ಕಥೆಗೂ ಅಣ್ಣ ಇದ್ದಾನೆ: ಬಳಸುವವರ ಪರಿಚಯದವರಿಗೆಲ್ಲ ಮತ್ತೆ ಮತ್ತೆ ಆಹ್ವಾನದ ಮೇಲ್ ಕಳಿಸಿತು ಅಂತ ಅಮೆರಿಕದಲ್ಲಿ ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್ ಮೇಲೆ ಕೇಸ್ ಬಿದ್ದು, 2015ರಲ್ಲಿ ಅದು 1.3 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಇನ್ನು ಡಿಲೀಟ್ ವಿಷಯ. ನಮ್ಮ ಏಳು ಸುತ್ತಿನ ಕೋಟೆ ಕಟ್ಟಿದ್ದು ಹೊರಗಿನವರು ಒಳಗೆ ಬರದಿರಲಿ ಅಂತ, ಇವರು ಕಟ್ಟಿರುವುದು ಒಳಗಿದ್ದವರು ಹೊರಗೆ ಹೋಗದಿರಲಿ ಅಂತ. ಓಬವ್ವನ ಕಿಂಡಿ ಥರ ಒಂದು ಸಣ್ಣ ದಾರಿ ಇರುತ್ತದೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ನೀವು ಮಾಡಿದ್ದು ಬಹುಶಃ ‘ಡಿಆಕ್ಟಿವೇಟ್’. ಅದು ಬರೀ ಪರದೆ ಎಳೆದ ಹಾಗೆ. ‘ಡಿಲೀಟ್’ ಬೇರೆ. ನಿಮ್ಮ ಆ್ಯಪ್ ಯಾವುದು ಅಂತ ಹೇಳಿಲ್ಲ, ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಾದರೆ ಡಿಲೀಟ್ ಕೊಟ್ಟ ಮೇಲೂ 30 ದಿನ ಮನಸ್ಸು ಬದಲಾಯಿಸೋಕೆ ಬಿಟ್ಟಿರುತ್ತಾರೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ಆದ ಕಾಂಟ್ಯಾಕ್ಟ್‌ಗಳನ್ನು ಅಳಿಸಿ, ಯಾಕಂದರೆ ಫೋನಲ್ಲಿ ಪರ್ಮಿಶನ್ ಬಂದ್ ಮಾಡಿದರೆ ಮುಂದಿನದು ನಿಲ್ಲುತ್ತದೆಯೇ ಹೊರತು ಆಗಲೇ ಹೋದದ್ದು ವಾಪಸ್ ಬರಲ್ಲ. ಆಮೇಲೆ ಡಿಲೀಟ್ ಕೊಟ್ಟು, ಆ್ಯಪ್ ತೆಗೆದುಹಾಕಿ. ಗಡುವು ಮುಗಿಯುವ ತನಕ ಲಾಗಿನ್ ಆಗಲೇಬೇಡಿ, ಅದರಿಂದ ಬಂದ ಮೇಲ್ ಒತ್ತಲೂಬೇಡಿ.

ಮಂಡಿಪೇಟೆ_ಅಂಗಡಿ:
ಬೇಜಾರ್ ಮಾಡ್ಕೋಬೇಡಿ, ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ನಾನು ಬಟ್ಟೆ ವ್ಯಾಪಾರಿ. ಗಿರಾಕಿ ಕೂತ ತಕ್ಷಣ ದುಬಾರಿ ಸೀರೆಯನ್ನೇ ಮೊದಲು ಬಿಚ್ಚುತ್ತೇವೆ. ಅದೂ ಮೋಸವಾ? ವ್ಯಾಪಾರ ಅಂದ ಮೇಲೆ ಇದ್ದದ್ದೇ. ಆ್ಯಪ್ ಫ್ರೀ ಕೊಟ್ಟಿದ್ದಾರೆ, ಏನೋ ಒಂದು ತಗೊಳ್ತಾರೆ.

ಕುಂದವಾಡ_ಕೆರೆ_ವಾಕರ್:
ಅಣ್ಣ, ಸೀರೆ ಬೇಡ ಅಂದ ಗಿರಾಕಿ ಎದ್ದು ಹೋಗುವಾಗ ನೀವು ಶಟರ್ ಎಳೆಯಲ್ಲ ಅಲ್ವಾ? ಅವರ ಪರ್ಸಿಂದ ಡೈರಿ ತೆಗೆದು ನೆಂಟರಿಗೆಲ್ಲ ಫೋನ್ ಮಾಡಲ್ಲ ಅಲ್ವಾ? ಅಷ್ಟೇ ವ್ಯತ್ಯಾಸ.

ಇನ್ನು ಓದಿ ಒತ್ತಬೇಕಿತ್ತು ಅನ್ನುವ ಮಾತು. ಟ್ವಿಟರ್‌ನಲ್ಲಿ ಜನ ಅಕೌಂಟ್ ಭದ್ರತೆಗೆ ಅಂತ ಫೋನ್ ನಂಬರ್ ಕೊಟ್ಟರು, ಸ್ಕ್ರೀನ್ ಮೇಲೆ ಹಾಗೇ ಬರೆದಿತ್ತು. ಅದೇ ನಂಬರ್ ಜಾಹೀರಾತಿಗೆ ಬಳಕೆಯಾಯಿತು. 2022ರಲ್ಲಿ ಅಮೆರಿಕದಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಬೇಕಾಯಿತು. ಅಲ್ಲಿ ಓದಿ ಒತ್ತಿದವರೂ ಸಿಕ್ಕಿಬಿದ್ದರಲ್ಲ!

ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರಂದು ಇಂಥ 13 ಬಗೆಯನ್ನು ಹೆಸರಿಸಿ ಮಾರ್ಗಸೂಚಿ ತಂದಿದೆ. ‘ಬೇಡ’ ಅಂದವರಿಗೆ ನಾಚಿಕೆ ಹುಟ್ಟಿಸುವುದು, ಒಂದು ಬಟನ್ ಎದ್ದು ಕಾಣಿಸಿ ಇನ್ನೊಂದನ್ನು ಮಸುಕು ಮಾಡುವುದು, ಪದೇಪದೇ ಕೇಳಿ ತಲೆ ತಿನ್ನುವುದು, ಎಲ್ಲಾ ಅದರಲ್ಲಿವೆ. ದೂರು ಕೊಡೋಕೆ ಗ್ರಾಹಕ ಸಹಾಯವಾಣಿ 1915. ಫೋನ್ ಮಾಡುವ ಮುಂಚೆ ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಬಾಯಿಮಾತಲ್ಲಿ ಹೇಳಿದರೆ ‘ಬಟನ್ ಚಿಕ್ಕದಿತ್ತು’ ಅನ್ನೋದು ಯಾರಿಗೂ ಅರ್ಥವಾಗಲ್ಲ.

ಮಂಡಿಪೇಟೆ_ಅಂಗಡಿ:
ಶಟರ್ ಮಾತು ಒಪ್ಪಿದೆ. ಒಂದು ಡೌಟು. ನಮ್ಮ ಹುಡುಗ ಬ್ಲೂ ಟಿಕ್ ಅಂತ ಏನೋ ತಗೊಂಡಿದ್ದ, ಆ್ಯಪ್ ಡಿಲೀಟ್ ಮಾಡಿದರೂ ತಿಂಗಳು ತಿಂಗಳು ದುಡ್ಡು ಹೋಗ್ತಿದೆ.

ಕೋಟೆ_ಕಡೆಯವನು:
ಆ್ಯಪ್ ತೆಗೆದರೆ ಚಂದಾ ನಿಲ್ಲಲ್ಲ. ಪ್ಲೇ ಸ್ಟೋರ್‌ನಲ್ಲಿ ಸಬ್‌ಸ್ಕ್ರಿಪ್ಶನ್ಸ್ ನೋಡಿ. ಅಲ್ಲಿ ಇಲ್ಲದಿದ್ದರೆ ನೀವು ದುಡ್ಡು ಕಳಿಸುವ ಯುಪಿಐ ಆ್ಯಪ್‌ನಲ್ಲಿ ‘ಆಟೋಪೇ’ ಅಂತ ಇರುತ್ತದೆ, ಅಲ್ಲಿ ರದ್ದು ಮಾಡಿ.

ಬ್ಲೌಸ್_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳು ಪಕ್ಕದಲ್ಲಿ ಕೂತು ಮೊದಲು ನಂಬರ್ ಅಳಿಸಿ, ಆಮೇಲೆ ಡಿಲೀಟ್ ಕೊಟ್ಟಳು. ಡಿಲೀಟ್ ಸಿಕ್ಕಿದ್ದು ಆರನೇ ಪುಟದಲ್ಲಿ. ಯಜಮಾನರ ಕೈಗೆ ಫೋನ್ ಕೊಟ್ಟು ಹುಡುಕಿ ಅಂದಿದ್ದೆವು, ನಾಲ್ಕನೇ ಪುಟದಲ್ಲಿ ಅವರೂ ನೀಲಿ ಬಟನ್ನೇ ಒತ್ತಿದರು. ಕ್ಯಾಲೆಂಡರ್‌ನಲ್ಲಿ 30ನೇ ದಿನಕ್ಕೆ ಗುರುತು ಹಾಕಿದ್ದೇನೆ. ನಾದಿನಿ ಇವತ್ತು ಬಂದು ಮೂರು ಬ್ಲೌಸ್ ಹೊಲಿಯೋಕೆ ಕೊಟ್ಟು ಹೋದಳು, ಅಡ್ವಾನ್ಸ್ ಮಾತ್ರ ಕೊಟ್ಟಿಲ್ಲ.