ರಿಪಾಟ್ ಮಾಡಿದ್ಮೇಲೆ ಫೆಲನಾಪ್ಸಿಸ್ ಎಲೆ ಜೋತುಬಿದ್ದಿದೆ, ನೀರು ಜಾಸ್ತಿನಾ ಕಮ್ಮಿನಾ?

ಬಾಲ್ಕನಿಗಿಡ:
ಎಲ್ರಿಗೂ ನಮಸ್ಕಾರ. ನನ್ ಹತ್ರ ಬಿಳಿ ಹೂವಿನ ಫೆಲನಾಪ್ಸಿಸ್ ಇದೆ, ಮಾತ್ ಆರ್ಕಿಡ್ ಅಂತಾರಲ್ಲ ಅದು. ಹಳೇ ಪಾಟಲ್ಲಿ ತೊಗಟೆ ಎಲ್ಲಾ ಪುಡಿಪುಡಿ ಆಗಿ ಯಾವಾಗ್ಲೂ ಜಿನುಗ್ತಿತ್ತು ಅಂತ ಹೊಸ ಬಾರ್ಕ್ (ತೊಗಟೆ ಚೂರು) ತಂದು ಇನ್ನೊಂದು ಟ್ರಾನ್ಸ್‌ಪರೆಂಟ್ ಪಾಟಿಗೆ ಹಾಕ್ದೆ, ಕೊಳೆತ ಬೇರು ಕತ್ತರಿಸಿ ಚಕ್ಕೆ (ದಾಲ್ಚಿನ್ನಿ) ಪುಡಿ ಹಚ್ಚಿದೀನಿ, ವಿಡಿಯೋದಲ್ಲಿ ಹಾಗೇ ತೋರ್ಸಿದ್ರು. ಅವಾಗಿಂದ ಮೊಗ್ಗು ಒಂದೊಂದೇ ಹಳದಿಯಾಗಿ ಉದುರ್ತು, ಈಗ ಎಲೆ ಮೆತ್ತಗಾಗಿ ಜೋತುಬಿದ್ದಿದೆ, ಉದ್ದುದ್ದ ಸುಕ್ಕು ಬೇರೆ. ದಿನಾ ಬೆಳಿಗ್ಗೆ ಎರಡು ಚಮಚ ನೀರು ಹಾಕ್ತೀನಿ. ಒಬ್ರು ನೀರು ಸಾಲ್ತಿಲ್ಲ ಅಂತಾರೆ ಇನ್ನೊಬ್ರು ನೀರೇ ಜಾಸ್ತಿ ಅಂತಾರೆ. ಗಿಡ ಉಳಿಯತ್ತಾ?

ತೊಗಟೆಪ್ರಿಯ:
ಎಲೆ ನೋಡ್ಕೊಂಡು ಅದನ್ನ ಹೇಳಕ್ಕಾಗಲ್ಲ, ಈ ಗಿಡದ್ದು ಅದೇ ತಲೆನೋವು. ನೀರು ಸಿಗದೆ ಬೇರು ಒಣಗಿದ್ರೂ ಎಲೆ ಜೋತುಬೀಳತ್ತೆ, ನೀರು ಜಾಸ್ತಿಯಾಗಿ ಬೇರು ಕೊಳೆತ್ರೂ ಜೋತುಬೀಳತ್ತೆ, ಯಾಕಂದ್ರೆ ಎರಡರಲ್ಲೂ ಎಲೆಗೆ ನೀರು ತಲುಪ್ತಿಲ್ಲ. ಬೇರು ಏನ್ ಹೇಳತ್ತೆ ನೋಡಿ. ನಿಮ್ದು ಟ್ರಾನ್ಸ್‌ಪರೆಂಟ್ ಪಾಟ್ ಅಲ್ವಾ, ಅರ್ಧ ಕೆಲಸ ಸುಲಭ. ಗಟ್ಟಿಯಾಗಿದ್ದು ಬೆಳ್ಳಿ ಬಣ್ಣ ಇದ್ರೆ ಬೇರು ಬದುಕಿದೆ, ಬಾಯಾರಿದೆ ಅಷ್ಟೆ. ಹಸಿರಿದ್ರೆ ನೀರು ಕುಡಿದಿದೆ. ಕಂದು ಬಣ್ಣ ಬಂದು ಬೆರಳಲ್ಲಿ ಒತ್ತಿದ್ರೆ ಪಿಚಕ್ಕಂತ ಆಗಿ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬಂದ್ರೆ ಅದು ಹೋಯ್ತು.

ಇನ್ನೊಂದು, ಬಾರ್ಕ್ ಹಾಕೋ ಮುಂಚೆ ನೆನೆಸಿದ್ರಾ? ಒಣಗಿದ ಹೊಸ ಬಾರ್ಕ್ ನೀರನ್ನ ಹಿಡಿಯೋದೇ ಇಲ್ಲ, ಹಾಕಿದ್ದೆಲ್ಲಾ ಸರ್ರಂತ ಕೆಳಗೆ ಹೋಗತ್ತೆ. ಒಂದು ರಾತ್ರಿ ನೆನೆಸಿ ಹಾಕ್ಬೇಕು. ಇಲ್ಲಾಂದ್ರೆ ನಿಮ್ಮ ಎರಡು ಚಮಚದಲ್ಲಿ ಮೇಲಿನ ನಾಲ್ಕು ಚೂರು ಒದ್ದೆ ಆಗತ್ತೆ, ಬೇರಿಗೆ ಏನೂ ಸಿಗಲ್ಲ.

ಚಕ್ಕೆ ಪುಡಿ ವಿಷಯ: ಅದು ಗಾಯ ಒಣಗಿಸತ್ತೆ ನಿಜ, ಆದ್ರೆ ಒಳ್ಳೇ ಬೇರನ್ನೂ ಒಣಗಿಸತ್ತೆ. ಕತ್ತರಿಸಿದ ತುದಿಗೆ ಮಾತ್ರ ಚೂರು ಸಾಕು, ಹಾಕ್ದೆ ಇದ್ರೂ ನಡೆಯತ್ತೆ. ಈ ವಿಡಿಯೋದವ್ರು ಬೇರಿಗೆಲ್ಲಾ ಉದುರಿಸೋದು ನೋಡಿದ್ರೆ ನಂಗೆ ಮೈ ಉರಿಯತ್ತೆ.

ಬಿಳಿಬೇರು:
ಮೇಲಿನವ್ರು ಹೇಳಿದ್ದು ಸರಿ, ಒಂದೇ ಒಂದು ಸೇರಿಸ್ತೀನಿ. ಪಾಟಿನ ಗೋಡೆಗೆ ಅಂಟಿರೋ ಬೇರು ನೋಡಿ ಸಮಾಧಾನ ಮಾಡ್ಕೋಬೇಡಿ, ನಡುವೆ ಏನಾಗಿದೆ ಅಂತ ಹೊರಗಿಂದ ಕಾಣಲ್ಲ. ನರ್ಸರಿಯವ್ರು ಸಣ್ಣ ಸಸಿ ಇದ್ದಾಗ ಬೇರಿನ ಮಧ್ಯ ಮಾಸ್ (ಒಂಥರಾ ಪಾಚಿ) ಉಂಡೆ ಇಟ್ಟಿರ್ತಾರೆ, ರಿಪಾಟ್ ಮಾಡುವಾಗ ಅದನ್ನ ತೆಗೆಯದೆ ಸುತ್ತ ಹೊಸ ಬಾರ್ಕ್ ತುಂಬಿದ್ರೆ ಹೊರಗಡೆ ಬರಬರ ಒಣಗಿರತ್ತೆ, ಒಳಗಡೆ ತೊಟ್ಟಿಕ್ತಿರತ್ತೆ. ಒಂದ್ಸಲ ಬಿಚ್ಚಿ ನೋಡಿ.

ತೊಗಟೆಪ್ರಿಯ:
ಈಗಷ್ಟೇ ರಿಪಾಟ್ ಆದ ಗಿಡನ ಮತ್ತೆ ಅಲ್ಲಾಡಿಸೋದು ನಂಗಿಷ್ಟ ಇಲ್ಲ. ಆದ್ರೆ ಮಾಸ್ ಉಂಡೆ ಒಳಗೇ ಉಳಿದಿದ್ರೆ ಬೇರೆ ದಾರಿ ಇಲ್ಲ, ಅದು ಒಪ್ಪೋಣ.

ಬಾಲ್ಕನಿಗಿಡ:
ಬಿಚ್ಚಿದೆ. ಇಬ್ರೂ ಹೇಳಿದ್ದೂ ಇದೆ!! ಹೊರಗಿನ ಬೇರೆಲ್ಲಾ ಬೆಳ್ಳಿ ಬಣ್ಣ, ಗಟ್ಟಿಯಾಗಿದೆ, ಬಾರ್ಕ್ ಕೈಗೆ ಸ್ವಲ್ಪನೂ ಒದ್ದೆ ಹತ್ತಲಿಲ್ಲ. ಕಾಂಡದ ಕೆಳಗೆ ಹೆಬ್ಬೆರಳು ಗಾತ್ರದ ಮಾಸ್ ಉಂಡೆ ಸಿಕ್ತು, ಹಿಂಡಿದ್ರೆ ನೀರು ಬಂತು, ಹುಳಿ ವಾಸನೆ, ಅದರೊಳಗಿದ್ದ ಬೇರು ಎಲ್ಲಾ ದಾರ ದಾರ. ಬಾರ್ಕ್ ನೆನೆಸಿರ್ಲಿಲ್ಲ. ಈಗ ಉಂಡೆ ತೆಗೆದು ಕೊಳೆತಿದ್ದು ಕತ್ತರಿಸಿ ಗಿಡ ಹಾಗೇ ಪೇಪರ್ ಮೇಲೆ ಇಟ್ಟಿದೀನಿ. ಮುಂದೇನ್ ಮಾಡ್ಲಿ? ಹೂವಿನ ಕಡ್ಡಿ ಇನ್ನೂ ಹಸಿರಾಗಿದೆ, ಕತ್ತರಿಸ್ಬೇಕಾ?

ತೊಗಟೆಪ್ರಿಯ:
ಒಳ್ಳೇದಾಯ್ತು, ಗಟ್ಟಿ ಬೇರು ಇಷ್ಟಿದ್ರೆ ಗಿಡ ಉಳಿಯತ್ತೆ ಬಿಡಿ. ಬಾರ್ಕ್ ರಾತ್ರಿಯಿಡೀ ನೆನೆಯಲಿ, ಅಷ್ಟೊತ್ತಿಗೆ ಕತ್ತರಿಸಿದ ತುದಿನೂ ಒಣಗಿರತ್ತೆ. ಬೇರು ಹಿಡಿಸೋಷ್ಟೇ ಪಾಟ್ ಸಾಕು, ಈಗ ಬೇರು ಕಮ್ಮಿ ಆಗಿದೆ ಅಲ್ವಾ, ಹಳೇ ಪಾಟ್ ಚೆನ್ನಾಗಿ ತೊಳೆದು ಅದಕ್ಕೇ ಹಾಕಿ. ದೊಡ್ಡ ಪಾಟಲ್ಲಿ ಬೇರು ಮುಟ್ಟದ ಜಾಗ ಒಣಗೋದೇ ಇಲ್ಲ. ಹೊರಗೆ ಚಾಚಿರೋ ಗಾಳಿ ಬೇರನ್ನ ಬಲವಂತವಾಗಿ ಒಳಗೆ ತುರುಕಬೇಡಿ, ಮುರಿಯತ್ತೆ. ಗಿಡ ಅಲ್ಲಾಡ್ತಿದ್ರೆ ಕಡ್ಡಿ ಕೊಟ್ಟು ಕಟ್ಟಿ, ಹೊಸ ಬೇರಿನ ತುದಿ ಬಾರ್ಕಿಗೆ ಉಜ್ಜಿದ್ರೆ ಅಲ್ಲಿಗೇ ನಿಂತುಹೋಗತ್ತೆ.

ನೆನೆದ ಬಾರ್ಕಲ್ಲಿ ತೇವ ಇರತ್ತೆ, ಅದಕ್ಕೇ ಮೊದಲ ನಾಲ್ಕೈದು ದಿನ ನೀರು ಬೇಡ. ಆಮೇಲೆ ಈ ಚಮಚದ ಲೆಕ್ಕ ಬಿಟ್ಬಿಡಿ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದ ದಿನ ಪಾಟನ್ನ ಹದಿನೈದು ನಿಮಿಷ ನೀರಲ್ಲಿಟ್ಟು ಪೂರ್ತಿ ಸೋರಿಸಿ ಎತ್ತಿಡಿ, ಮತ್ತೆ ಬೆಳ್ಳಿ ಆಗೋ ತನಕ ಮುಟ್ಟಬೇಡಿ. ವಾರಕ್ಕೊಂದು ಸಲ ಬರಬಹುದು, ಹತ್ತು ದಿನಕ್ಕೂ ಬರಬಹುದು, ಬಿಸಿಲು ಗಾಳಿ ಮೇಲೆ ಹೋಗತ್ತೆ. ಎಲೆ ನಡುವಿನ ಸುಳಿಯಲ್ಲಿ ನೀರು ನಿಂತ್ರೆ ಟಿಶ್ಯೂ ಸುರುಳಿ ಮಾಡಿ ಒರೆಸಿ, ಸುಳಿ ಕೊಳೆತ್ರೆ ಆ ಗಿಡಕ್ಕೆ ಮೇಲೆ ಬೆಳೆಯೋ ಜಾಗನೇ ಹೋಗತ್ತೆ, ಇರೋದೇ ಒಂದು ಸುಳಿ. ನೇರ ಬಿಸಿಲು ಬೇಡ, ಬೆಳಕು ಚೆನ್ನಾಗಿರಲಿ, ಪೂರ್ವದ ಕಿಟಕಿ ಇದ್ರೆ ಬೇರೆ ಜಾಗ ಹುಡುಕ್ಲೇಬೇಡಿ. ಗೊಬ್ಬರ ಈಗ್ಲೇ ಬೇಡ, ಹಸಿರು ತುದಿಯ ಹೊಸ ಬೇರು ಕಂಡ್ಮೇಲೆ ಪ್ಯಾಕೆಟ್ ಮೇಲೆ ಹೇಳಿರೋದ್ರ ಕಾಲು ಭಾಗದಿಂದ ಶುರು ಮಾಡಿ.

ಬಿಳಿಬೇರು:
ಹೂವಿನ ಕಡ್ಡಿ ಕತ್ತರಿಸಿ. ಹಸಿರಿದ್ರೆ ಗೆಣ್ಣಿಂದ ಮತ್ತೆ ಚಿಗುರಬಹುದು ಅನ್ನೋದು ನಿಜಾನೇ, ಆದ್ರೆ ಎಲೆ ಸುಕ್ಕಾಗಿರೋ ಗಿಡದ ಹತ್ರ ಹೂವು ಕೇಳೋದು ಅನ್ಯಾಯ. ಕತ್ತರಿನ ಸ್ಪಿರಿಟಲ್ಲಿ ಒರೆಸ್ಕೊಂಡು ಬುಡದಿಂದ ಒಂದಿಂಚು ಬಿಟ್ಟು ತೆಗೀರಿ. ಮತ್ತೆ, ಸುಕ್ಕು ಬಿದ್ದ ಎಲೆ ಮೊದಲಿನ ಹಾಗೆ ಆಗ್ಲಿಲ್ಲ ಅಂತ ಹೆದರಬೇಡಿ, ಕೆಲವು ಹಾಗೇ ಉಳ್ಕೊಳತ್ತೆ. ಹೊಸ ಎಲೆ ಗಟ್ಟಿಯಾಗಿ ಬರ್ತಿದ್ಯಾ ಅಂತ ನೋಡಿ.

ಬಾಲ್ಕನಿಗಿಡ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಬಾರ್ಕ್ ನೆನೆಯಕ್ಕೆ ಹಾಕ್ದೆ, ತೇಲ್ತಾ ಇದೆ ಅಂತ ಮೇಲೆ ತಟ್ಟೆ ಭಾರ ಇಟ್ಟಿದೀನಿ. ತೀರಾ ಕೆಳಗಿನ ಎಲೆ ಒಂದು ಹಳದಿ ಆಗ್ತಿದೆ, ಅದನ್ನ ಕಿತ್ತುಬಿಡ್ಲಾ?

ತೊಗಟೆಪ್ರಿಯ:
ಕೀಳಬೇಡಿ, ಅದರಲ್ಲಿರೋದನ್ನ ಗಿಡ ವಾಪಸ್ ಎಳ್ಕೊಳ್ತಿದೆ, ಪೂರ್ತಿ ಒಣಗಿದ್ಮೇಲೆ ತಾನಾಗೇ ಕೈಗೆ ಬರತ್ತೆ. ಮೇಲಿನ ಎಲೆ ಬುಡದಲ್ಲಿ ಕಪ್ಪಾದ್ರೆ ಮಾತ್ರ ಅವತ್ತೇ ಫೋಟೋ ಹಾಕಿ.