ಎಕ್ಸೆಲ್ ಮ್ಯಾಕ್ರೋ (ಕೆಲಸ ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಮ್) ಫೈಲ್ ಸೇವ್ ಮಾಡುವಾಗ "ರೀಪ್ಲೇಸ್ ಮಾಡಲಾ?" ಅಂತ ಕೇಳದ ಹಾಗೆ ಮಾಡೋದು ಹೇಗೆ? (ಪ್ರಶ್ನೋತ್ತರ)

ತುಮಕೂರಿನ ಅಕೌಂಟೆಂಟ್: ಮೇಡಂ, ನನ್ನ ಮ್ಯಾಕ್ರೋ ದಿನಾ ಒಂದೇ ಹೆಸರಲ್ಲಿ ರಿಪೋರ್ಟ್ ಸೇವ್ ಮಾಡುತ್ತದೆ. ಪ್ರತಿ ಸಲ "ಈ ಫೈಲ್ ಆಗಲೇ ಇದೆ, ರೀಪ್ಲೇಸ್ ಮಾಡಲಾ?" ಅಂತ ಎಕ್ಸೆಲ್ ಕೇಳುತ್ತದೆ. ನೋ ಒತ್ತಿದರೆ 1004 ಎರರ್. ಕೇಳದ ಹಾಗೆ ಮಾಡಬಹುದಾ?

ಮೇಡಂ: ಸೇವ್‌ಆ್ಯಸ್ ಸಾಲಿನ ಮೇಲೆ ಅಪ್ಲಿಕೇಶನ್.ಡಿಸ್‌ಪ್ಲೇಅಲರ್ಟ್ಸ್ = ಫಾಲ್ಸ್. ಕೆಳಗೆ ಮತ್ತೆ ಟ್ರೂ. ನಡುವೆ ಸೇವ್ ಸಾಲು ಒಂದೇ ಇರಲಿ. ಹಳೆ ಫೈಲ್ ಹೇಳದೆ ಕೇಳದೆ ಹೋಗುತ್ತದೆ, ರೀಸೈಕಲ್ ಬಿನ್‌ನಲ್ಲೂ ಸಿಗಲ್ಲ.

ಹಾಸನ: ಸ್ಕ್ರೀನ್‌ಅಪ್‌ಡೇಟಿಂಗ್ ಫಾಲ್ಸ್ ಸಾಕಲ್ವಾ?

ಮೇಡಂ: ಸಾಲದು. ಅದು ಪರದೆ ಮಿನುಗದ ಹಾಗೆ ಮಾಡೋಕೆ.

ಹಾಲಿನ ಸಂಘದ ಗುಮಾಸ್ತ: ಮೇಡಂ, ನಾನೂ ಅಲರ್ಟ್ಸ್ ಫಾಲ್ಸ್ ಮಾಡಿದ್ದೆ. ಶೀಟನ್ನು ಸಿಎಸ್‌ವಿ (ಬರೀ ಅಕ್ಷರ, ಅಂಕಿ ಇರುವ ಸಾದಾ ಫೈಲ್) ಮಾಡುತ್ತೇನೆ, ಫೈಲ್‌ಫಾರ್ಮ್ಯಾಟ್ 6. ಈಗ ನೋಟ್‌ಪ್ಯಾಡ್‌ನಲ್ಲಿ ನೋಡಿದರೆ ಸದಸ್ಯರ ಕನ್ನಡ ಹೆಸರೆಲ್ಲ ?????? ಆಗಿವೆ. ಲೀಟರು, ಫ್ಯಾಟು ಸರಿ ಇವೆ. ಎಕ್ಸೆಲ್ ಇನ್ನೂ ತೆರೆದಿದೆ, ಅಲ್ಲಿ ಹೆಸರು ಕಾಣುತ್ತಿವೆ.

ಮೇಡಂ: ಆ ಎಕ್ಸೆಲ್ ಮುಚ್ಚಬೇಡಿ! ಈಗಲೇ ಎಫ್12 ಒತ್ತಿ. ಹೊಸ ಹೆಸರು ಕೊಟ್ಟು ಎಕ್ಸ್‌ಎಲ್‌ಎಸ್‌ಎಂ (ಮ್ಯಾಕ್ರೋ ಸಮೇತದ ಎಕ್ಸೆಲ್ ಫೈಲ್) ಆಗಿ ಸೇವ್ ಮಾಡಿ. ಆಮೇಲೆ ಮುಂದೆ ಓದಿ.

ಸೇವ್‌ಆ್ಯಸ್ ಆದ ಕೂಡಲೇ ನೀವು ತೆರೆದಿಟ್ಟ ಫೈಲೇ ಸಿಎಸ್‌ವಿ ಆಗುತ್ತದೆ. ಕಿಟಕಿಯ ತಲೆಯಲ್ಲಿ ಹೆಸರು ನೋಡಿ. ಇವತ್ತು ಬರೆದ ಹೆಸರು, ಫಾರ್ಮುಲಾ, ಉಳಿದ ಶೀಟುಗಳ ಬದಲಾವಣೆ ಎಲ್ಲ ಈಗ ಮೆಮೊರಿಯಲ್ಲಿ ಮಾತ್ರ ಇವೆ. ಮುಚ್ಚಿದರೆ ಹೋದವು. 6ನೇ ನಂಬರಿನ ಸಿಎಸ್‌ವಿಯಲ್ಲಿ ಕನ್ನಡ ಉಳಿಯಲ್ಲ. ಬೇಕಾದ್ದು 62, ಅಂದರೆ ಕನ್ನಡ ಅಕ್ಷರವನ್ನೂ ಉಳಿಸುವ ಯುಟಿಎಫ್-8. ಎಕ್ಸೆಲ್ 2019ರಲ್ಲೂ ಅದಕ್ಕಿಂತ ಹೊಸದರಲ್ಲೂ ಇದೆ.

ಮ್ಯಾಕ್ರೋ ಹೀಗೆ ಬದಲಿಸಿ. ಮೊದಲು ದಿಸ್‌ವರ್ಕ್‌ಬುಕ್.ಸೇವ್. ಆಮೇಲೆ ಶೀಟಿಗೆ ಬರೀ .ಕಾಪಿ, ಮುಂದೆ ಏನೂ ಬೇಡ. ಆಗ ಆ ಶೀಟು ಹೊಸ ವರ್ಕ್‌ಬುಕ್‌ನಲ್ಲಿ ಬರುತ್ತದೆ. ಅದನ್ನು 62ರಲ್ಲಿ ಸೇವ್ ಮಾಡಿ ಮುಚ್ಚಿ. ಮೂಲ ಫೈಲಿನ ತಂಟೆಗೇ ಹೋಗುವುದಿಲ್ಲ.

ದಾವಣಗೆರೆ: ವಾಟ್ಸ್ಆ್ಯಪ್‌ನಲ್ಲಿ ಬಂದದ್ದು: "ಮೇಲೆ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಹಾಕಿ, ಕಿಲ್‌ನಿಂದ ಹಳೆ ಫೈಲ್ ಅಳಿಸಿ, ಸೇವ್ ಮಾಡಿ. 100% ಗ್ಯಾರಂಟಿ."

ಮೇಡಂ: ಯಾರೂ ಇದನ್ನು ಹಾಕಬೇಡಿ. ಆ ರೆಸ್ಯೂಮ್ ನೆಕ್ಸ್ಟ್ ಸಾಲು ಎರರ್ ಬಂದರೂ ಸುಮ್ಮನೆ ಮುಂದೆ ಹೋಗುತ್ತದೆ, ಕಿಲ್ ಆದ ಮೇಲೆ ಸೇವ್ ಕೈಕೊಟ್ಟರೆ ಎರರ್ ಕೂಡ ಕಾಣಿಸಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಮಾಡಿ ನೋಡದ್ದನ್ನು ಇಲ್ಲಿ ಫಾರ್ವರ್ಡ್ ಮಾಡಬೇಡಿ.

ದಾವಣಗೆರೆ: ನಮ್ಮ ಆಫೀಸಲ್ಲಿ ಚೆನ್ನಾಗೇ ಓಡ್ತಿದೆ.

ತುಮಕೂರಿನ ಅಕೌಂಟೆಂಟ್: ಶೇರ್ಡ್ ಫೋಲ್ಡರಿನಲ್ಲಿ ಯಾರಾದರೂ ಆ ಫೈಲ್ ತೆರೆದಿಟ್ಟಿರಲಿ, ಆಗ ನೋಡಿ. ಕಿಲ್ಲೂ ಆಗಲ್ಲ, ಸೇವೂ ಆಗಲ್ಲ. ಮ್ಯಾಕ್ರೋ ಕೊನೆಯಲ್ಲಿ ಸೇವ್ ಮಾಡದೆ ಮುಚ್ಚುವ ಕ್ಲೋಸ್ ಸಾಲಿದ್ದರೆ ಅದು ಮಾತ್ರ ನಡೆದು ದಿನದ ಕೆಲಸ ಹೋಗುತ್ತದೆ.

ದಾವಣಗೆರೆ: ನಿಮ್ಮನ್ನು ಕೇಳಲಿಲ್ಲ ಸ್ವಾಮಿ.

ತುಮಕೂರಿನ ಅಕೌಂಟೆಂಟ್: ಪ್ರಶ್ನೆ ಕೇಳಿದ್ದೇ ನಾನು.

ಹುಬ್ಬಳ್ಳಿ: ಇಬ್ಬರೂ ಎಕ್ಸೆಲ್ ಬಿಡ್ರಿ. ಲಿಬ್ರೆಆಫೀಸ್ ಹಾಕ್ರಿ, ರೊಕ್ಕ ಕೊಡೋದಿಲ್ಲ.

ದಾವಣಗೆರೆ: ಇರೋ ಮ್ಯಾಕ್ರೋ ಎಲ್ಲ ನೀವೇ ತಿದ್ದಿ ಕೊಡ್ತೀರಾ?

ಮೈಸೂರು: ಮ್ಯಾಕ್ ಕಂಪ್ಯೂಟರಿನಲ್ಲೂ ಇದೇ ಸಾಲಾ ಮೇಡಂ?

ಬಳ್ಳಾರಿ: ರೀಪ್ಲೇಸ್ ಕೇಳದ ಹಾಗೆ ಹೇಗೆ ಮಾಡೋದು?

ಮೇಡಂ: ಮೇಲಿನ ಮೊದಲ ಉತ್ತರ ಓದಿ.

ಬಳ್ಳಾರಿ: ಬೆಳಗಿನ ನಕಲು ಒಂದು ಇಟ್ಟುಕೊಳ್ಳಬೇಕಿತ್ತು ಮೇಡಂ.

ಮೇಡಂ: ಹಾಗಿದ್ದರೆ ಸೇವ್‌ಕಾಪಿಆ್ಯಸ್. ಹೆಸರಿಗೆ ತಾರೀಖು ಸೇರಿಸಿ. ಅದೂ ಕೇಳದೆ ಅಳಿಸಿ ಬರೆಯುತ್ತದೆ.

ಹಾಲಿನ ಸಂಘದ ಗುಮಾಸ್ತ: ಎಫ್12 ಮಾಡಿದೆ ಮೇಡಂ, ಇವತ್ತಿನ ಹೆಸರೆಲ್ಲ ಉಳಿದವು. ನಿನ್ನೆಯ ಫೈಲ್ ಮಾತ್ರ ಆಗಲೇ ಮುಚ್ಚಿದ್ದೆ.

ಮೇಡಂ: ಪ್ರಶ್ನೆ ಚಿಹ್ನೆಯಿಂದ ಹೆಸರು ವಾಪಸ್ ಬರಲ್ಲ. ಆ ಸಿಎಸ್‌ವಿಯಲ್ಲಿ ಸದಸ್ಯರ ನಂಬರ್ ಇದೆಯಾ? ಇದ್ದರೆ ಈಗ ಉಳಿಸಿದ ಫೈಲಿನಿಂದ ವಿಲುಕಪ್ ಫಾರ್ಮುಲಾ ಹಾಕಿ, ನಂಬರ್ ನೋಡಿ ಹೆಸರು ಎಳೆದುಕೊಳ್ಳಿ. ಬಟವಾಡೆಗೆ ಮೊದಲು ರಿಜಿಸ್ಟರ್ ಜೊತೆ ತಾಳೆ ನೋಡಿ.