ಅಪ್ಪನ ಜಿಸ್ಟ್ ಗಡ್ಡೆ: ಮ್ಯುಟೇಶನ್ ಟೆಸ್ಟ್ ಮಾಡಿಸಲಾ, ನೇರ ಮಾತ್ರೆ ಶುರು ಮಾಡಲಾ? ಅನುಭವ ಇದ್ದವರು ಹೇಳಿ

ಹಾವೇರಿ ಹುಡುಗಿ:
ಅಪ್ಪನಿಗೆ 61. ಜಠರದಲ್ಲಿ 7 ಸೆಂ.ಮೀ. ಜಿಸ್ಟ್ (ಜಠರ, ಕರುಳಿನ ಗೋಡೆಯಲ್ಲಿ ಬೆಳೆಯೋ ಒಂದು ಥರದ ಕ್ಯಾನ್ಸರ್ ಗಡ್ಡೆ) ಇತ್ತು, ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಆಪರೇಷನ್ ಆಯ್ತು. ರಿಪೋರ್ಟಲ್ಲಿ ಸಿಡಿ117 (ಜಿಸ್ಟ್ ಗುರುತು ಹಿಡಿಯೋ ಪರೀಕ್ಷೆ) ಪಾಸಿಟಿವ್, ಮೈಟೋಸಿಸ್, ಅಂದ್ರೆ ಒಡೆದು ಬೆಳೀತಿರೋ ಜೀವಕೋಶ, ಮೈಕ್ರೋಸ್ಕೋಪಿನ 50 ನೋಟಕ್ಕೆ 8. ಇಮಾಟಿನಿಬ್ ಮಾತ್ರೆ ದಿನಕ್ಕೆ 400 ಮಿ.ಗ್ರಾಂ., ಮೂರು ವರ್ಷ ಅಂತ ಬರೆದುಕೊಟ್ಟಿದ್ದಾರೆ. ಗಡ್ಡೆಯ ಜೀನಿನಲ್ಲಿ ಏನು ಬದಲಾವಣೆ ಆಗಿದೆ ಅಂತ ನೋಡೋ ಮ್ಯುಟೇಶನ್ ಟೆಸ್ಟ್ "ಬೇಕಾದ್ರೆ ಮಾಡಿಸಿ" ಅಂದ್ರು. ದುಡ್ಡು ಹೊಂದಿಸೋಳು ನಾನೊಬ್ಬಳೇ. ನೀವೆಲ್ಲ ಏನು ಮಾಡಿದ್ರಿ?

ಮೈಸೂರು ಅಕ್ಕ:
ನಾನು ಮಾಡಿಸಲಿಲ್ಲ. 2019ರಲ್ಲಿ ನಮ್ಮ ಯಜಮಾನ್ರಿಗೆ 13 ಸೆಂ.ಮೀ. ಗಡ್ಡೆ. "ಈಗ ಕೈ ಹಾಕೋಕಾಗಲ್ಲ, ಮಾತ್ರೆಯಲ್ಲಿ ಕುಗ್ಗಿಸಿ ಆಮೇಲೆ ತೆಗೀತೀವಿ" ಅಂದ್ರು. ಎಂಟು ತಿಂಗಳು ಕೊಟ್ಟೆ. ಮಾತ್ರೆಗೆ ತಿಂಗಳಿಗೆ 6,200. ಸಿಟಿ ಸ್ಕ್ಯಾನ್ ಮೂರು, ಒಂದೊಂದಕ್ಕೆ 7,500. ಬೆಂಗಳೂರಿಗೆ ಹೋಗಿಬರೋ ಕಾರು ಪ್ರತಿ ಸಲ 4,000, ಬಸ್ಸಲ್ಲಿ ಕೂರೋಕೆ ಅವರಿಗೆ ಆಗ್ತಿರಲಿಲ್ಲ. ಗಡ್ಡೆ 13ರಿಂದ 15 ಆಯ್ತು. ಆಗ ಬೇರೆ ಡಾಕ್ಟ್ರೊಬ್ಬರು ಫೈಲ್ ತಿರುವಿ ಹಾಕಿ "ಮ್ಯುಟೇಶನ್ ಯಾವುದು?" ಅಂತ ಕೇಳಿದ್ರು. ಎಂಟು ತಿಂಗಳಲ್ಲಿ ಆ ಮಾತು ಕಿವಿಗೆ ಬಿದ್ದಿದ್ದೇ ಅವತ್ತು. 16,000 ಕಟ್ಟಿದೆ, ಮೂರು ವಾರಕ್ಕೆ ರಿಪೋರ್ಟ್ ಬಂತು: ಪಿಡಿಜಿಎಫ್‌ಆರ್‌ಎ ಅನ್ನೋ ಜೀನಿನಲ್ಲಿ ಡಿ842ವಿ ಅನ್ನೋ ಬದಲಾವಣೆ. ಇಮಾಟಿನಿಬ್ ಅದರ ಮೇಲೆ ಕೆಲಸಾನೇ ಮಾಡಲ್ಲ. ದಿನಾ ತಿಂಡಿ ಆದ್ಮೇಲೆ ನನ್ನ ಕೈಯಾರೆ ಕೊಟ್ಟ ಮಾತ್ರೆ ಅದು.
ಆಮೇಲೆ ಜಠರ ಪೂರ್ತಿ ತೆಗೆದ್ರು, ಗುಲ್ಮಾನೂ ತೆಗೆದ್ರು. ಈಗ ಹೊತ್ತಿಗೆ ಒಂದೂವರೆ ಇಡ್ಲಿ, ದಿನಕ್ಕೆ ಆರು ಹೊತ್ತು. ಬಿ12 ಇಂಜೆಕ್ಷನ್ ಸಾಯೋವರೆಗೂ.

ದಾವಣಗೆರೆ ಮೇಷ್ಟ್ರು:
ಅಕ್ಕಾರ ಕಷ್ಟ ಕೇಳಿ ಸಂಕಟ ಆಯ್ತು. ಆದ್ರೆ ಎಲ್ಲರನ್ನೂ ಹೆದರಿಸಬೇಡಿ. ನಾನೇ ಪೇಷಂಟು. ಸಣ್ಣ ಕರುಳಲ್ಲಿ 9 ಸೆಂ.ಮೀ., 2014ರಲ್ಲಿ ತೆಗೆದ್ರು. ಯಾವ ಟೆಸ್ಟೂ ಮಾಡಿಸಲಿಲ್ಲ. ಮೂರು ವರ್ಷ, ಒಟ್ಟು 1,096 ಮಾತ್ರೆ. ಖಾಲಿ ಪಟ್ಟಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟಿದ್ದೀನಿ.
ಮಾತ್ರೆ ಇಟ್ಟಿಗೆ ಬಣ್ಣ, ಒದ್ದೆ ಕೈಯಲ್ಲಿ ಹಿಡಿದ್ರೆ ಬೆರಳಿಗೆ ಹತ್ತುತ್ತೆ. ಹೊಟ್ಟೆ ತುಂಬ ಉಂಡು, ದೊಡ್ಡ ಲೋಟದಲ್ಲಿ ನೀರು ಕುಡಿದು ನುಂಗಬೇಕು. ಬರೀ ಹೊಟ್ಟೆಯಲ್ಲಿ ತಗೊಂಡ ದಿನ ವಾಂತಿ ಗ್ಯಾರಂಟಿ. ಬೆಳಿಗ್ಗೆ ಎದ್ದಾಗ ಕಣ್ಣ ಕೆಳಗೆ ನೀರು ತುಂಬಿದ ಹಾಗೆ ಊತ. ರಾತ್ರಿ ಮೀನಖಂಡ ಹಿಡ್ಕೊಂಡು ಎದ್ದು ಕೂರ್ತಿದ್ದೆ. ಎರಡನೇ ವರ್ಷಕ್ಕೆ ಮೈಬಣ್ಣ ತಿಳಿಯಾಯ್ತು. ಮದುವೆ ಮನೆಯಲ್ಲಿ ಒಬ್ಬರು "ಏನ್ ಮೇಷ್ಟ್ರೇ, ಬೆಳ್ಳಗಾಗಿದ್ದೀರಿ, ಆರೋಗ್ಯ ಸುಧಾರಿಸಿದೆ" ಅಂದ್ರು. ಮಾತ್ರೆಯಿಂದ ಅಂತ ಎಷ್ಟು ಜನಕ್ಕೆ ವಿವರಿಸೋದು? ಈಗಲೂ ಸ್ಕ್ಯಾನ್ ಕ್ಲೀನ್. ಟೆಸ್ಟಿನ ದುಡ್ಡು ನನಗೆ ಉಳೀತು.

ಮೈಸೂರು ಅಕ್ಕ:
ಉಳೀತು ಅನ್ನಬೇಡಿ ಮೇಷ್ಟ್ರೇ. ನಿಮ್ಮದು ಆ ಮಾತ್ರೆಗೆ ಬಗ್ಗೋ ಗಡ್ಡೆ ಆಗಿತ್ತು, ಅಷ್ಟೇ. ನಮ್ಮದು ಆಗಿರಲಿಲ್ಲ. ಇದರಲ್ಲಿ ನಿಮ್ಮ ಜಾಣತನ ಏನೂ ಇಲ್ಲ.

ದಾವಣಗೆರೆ ಮೇಷ್ಟ್ರು:
ಜಾಣತನ ಅಂತ ನಾನೆಲ್ಲಿ ಹೇಳಿದೆ? ಮೂರು ವರ್ಷ ಒಂದು ದಿನ ಬಿಡದೆ ನುಂಗಿದ್ದೀನಿ. ಅದಕ್ಕೂ ಬೆಲೆ ಇಲ್ವಾ?

ಸಾಗರದವ:
ಚಿಕ್ಕಪ್ಪನಿಗೆ ಇದೇ ಕಾಯಿಲೆ. ಇಮಾಟಿನಿಬ್ ಜೊತೆ ತೊಗಟೆ ಕಷಾಯಾನೂ ಕೊಡಿಸಿದ್ವಿ, ಒಂದೂವರೆ ವರ್ಷ ಚೆನ್ನಾಗೇ ಇದ್ರು. ಅದನ್ನೂ ಒಮ್ಮೆ ನೋಡಿ.

ಬೆಳಗಾವಿ ಅಣ್ಣ:
ದಯವಿಟ್ಟು ಇದನ್ನ ಇಲ್ಲಿ ಹಾಕಬ್ಯಾಡ್ರಿ. ನಮ್ಮವ್ವಗ ಹಂಗ ಎರಡೂ ಕೂಡಿಸಿ ಕೊಟ್ವಿ. ಐದನೇ ವಾರಕ್ಕ ಲಿವರ್ ಕೆಟ್ಟು ಕಣ್ಣು ಅರಿಷಿಣ ಆದ್ವು. ಕಷಾಯಾ ಮಾಡ್ತೋ ಮಾತ್ರಿ ಮಾಡ್ತೋ ಯಾರಿಗೂ ಹೇಳ್ಲಿಕ್ಕೆ ಆಗಲಿಲ್ಲ, ಎರಡೂ ನಿಲ್ಲಿಸಿದ್ರು. ಆರು ವಾರ ಮಾತ್ರಿ ಇಲ್ದ ಕಳದ್ವಿ. ಐಸಿಯುದಾಗ ನಾಲ್ಕು ದಿನ, 1,12,000. ಡಾಕ್ಟರಿಗೆ ಮುಚ್ಚಿಟ್ಟು ಕೊಟ್ಟಿದ್ದು ನನ್ನ ತಪ್ಪು, ಅದು ಇವತ್ತಿಗೂ ಚುಚ್ಚತೈತಿ.

ಸಾಗರದವ:
ನಾವು ಯಾರಿಗೂ ಮುಚ್ಚಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಆಗಿದ್ದಕ್ಕೆ ನಮ್ಮ ಮೇಲೆ ಯಾಕೆ ಹರಿಹಾಯ್ತೀರಿ?

ನಿವೃತ್ತ ಪೆಥಾಲಜಿಸ್ಟ್:
ಮೂವತ್ತೆರಡು ವರ್ಷ ಸ್ಲೈಡ್ ನೋಡಿದವನು ನಾನು. 1996ರಲ್ಲಿ ಇಪ್ಪತ್ತೊಂಬತ್ತು ವರ್ಷದ ಹೆಂಗಸೊಬ್ಬರ ಜಠರದ ಗಡ್ಡೆ ನೋಡಿ, ನಯಸ್ನಾಯುವಿನ ನಿರಪಾಯದ ಗಡ್ಡೆ ಅಂತ ಸಹಿ ಹಾಕಿದ್ದೆ. ಆಗ ನಮ್ಮ ಕೈಯಲ್ಲಿ ಇದ್ದಿದ್ದು ಅಷ್ಟೇ ಜ್ಞಾನ. ಮೂರನೇ ವರ್ಷ ಅವರು ಲಿವರ್ ತುಂಬ ಗಡ್ಡೆ ಹೊತ್ತು ವಾಪಸ್ ಬಂದರು. ಇದರ ಬೇರು ಕಿಟ್ ಅನ್ನೋ ಜೀನಿನಲ್ಲಿದೆ ಅಂತ ಜಪಾನಿನ ಹಿರೋಟಾ ಅವರ ತಂಡ ಬರೆದದ್ದು 1998ರಲ್ಲಿ. ಇಮಾಟಿನಿಬ್ ಅನ್ನು ಜಿಸ್ಟ್ ಪೇಷಂಟಿಗೆ ಮೊದಲು ಕೊಟ್ಟಿದ್ದು ಫಿನ್ಲೆಂಡಿನಲ್ಲಿ, 2000ದಲ್ಲಿ. ನನ್ನ ಪೇಷಂಟಿಗೆ ಅದು ತಲುಪಲಿಲ್ಲ. ಆಮೇಲೆ ಲ್ಯಾಬಿನಲ್ಲಿ ಇಟ್ಟಿದ್ದ ಆ ಗಡ್ಡೆಯ ತುಣುಕು ಹುಡುಕಿ ಸಿಡಿ117 ಪರೀಕ್ಷೆ ಮಾಡಿ ನೋಡಿದೆ. ಜೀವಕೋಶಗಳೆಲ್ಲ ಗಾಢ ಕಂದು, ಅಂದರೆ ಅದು ಜಿಸ್ಟೇ. ಆ ಸ್ಲೈಡ್ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.
ಹಾಗಾಗಿ ಟೆಸ್ಟ್ ದಂಡ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ಬದಲಾವಣೆ ಕಿಟ್ ಜೀನಿನ ಎಕ್ಸಾನ್ 11 ಅನ್ನೋ ಭಾಗದಲ್ಲಿ ಬಂದರೆ 400 ಮಿ.ಗ್ರಾಂ. ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತೆ. ಎಕ್ಸಾನ್ 9 ಆದರೆ, ಹರಡಿದ ಕಾಯಿಲೆಯಲ್ಲಿ 800ಕ್ಕೆ ಏರಿಸೋದುಂಟು. ಡಿ842ವಿ ಕಥೆ ಮೇಲೆ ಅಕ್ಕ ಹೇಳಿದ್ದಾರೆ.

ಮೈಸೂರು ಅಕ್ಕ:
ಡಾಕ್ಟ್ರೇ, ಇಷ್ಟೆಲ್ಲ ಗೊತ್ತಿದ್ದವರು ನಮಗೆ ಎಂಟು ತಿಂಗಳು ಯಾಕೆ ಹೇಳಲಿಲ್ಲ? ನಿಮ್ಮನ್ನಲ್ಲ, ನಿಮ್ಮವರನ್ನ ಕೇಳ್ತಿದ್ದೀನಿ.

ನಿವೃತ್ತ ಪೆಥಾಲಜಿಸ್ಟ್:
ವರ್ಷಕ್ಕೆ ಒಂದೋ ಎರಡೋ ಕೇಸ್ ನೋಡೋ ಕಡೆ ಹೊಳೆಯದೇ ಹೋಗುತ್ತೆ ತಾಯಿ. ಅದು ಸಮರ್ಥನೆ ಅಲ್ಲ.

ಡೊಂಬಿವಲಿ ಕನ್ನಡಿಗ:
ಅದಕ್ಕೇ ಸೀದಾ ಮುಂಬೈನ ಪರೇಲಿಗೆ ಬನ್ನಿ ಅನ್ನೋದು. ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇಂಥ ಕೇಸು ದಿನಾ ನೋಡ್ತಾರೆ. ಕ್ಯಾನ್ಸರ್ ಪೇಷಂಟಿಗೂ ಜೊತೆಯವರಿಗೂ ರೈಲಲ್ಲಿ ರಿಯಾಯಿತಿ ಇದೆ, ಉಳಿಯೋಕೆ ದಾದರಿನಲ್ಲಿ ಗಾಡ್ಗೆ ಮಹಾರಾಜರ ಧರ್ಮಶಾಲೆ ಇದೆ.

ದಾವಣಗೆರೆ ಮೇಷ್ಟ್ರು:
ಬೆಂಗಳೂರಲ್ಲಿ ಕಿದ್ವಾಯಿ ಆಸ್ಪತ್ರೆ ಇರುವಾಗ ಹಾವೇರಿಯವರು ಮುಂಬೈಗೆ ಯಾಕೆ ಹೋಗಬೇಕು? ಭಾಷೆ ಬರಲ್ಲ, ಊರು ಗೊತ್ತಿಲ್ಲ. ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಅಲೆದ್ರೆ ಮನುಷ್ಯ ಉಳೀತಾನಾ? ಇನ್ನು ಮಾತ್ರೆ ಬೆಲೆ. ಇವತ್ತು ನಾವು ಉಸಿರಾಡ್ತಿರೋದು, ನೋವಾರ್ಟಿಸ್ ಕಂಪನಿಗೆ ಈ ಮಾತ್ರೆಯ ಪೇಟೆಂಟ್ ಕೊಡಲ್ಲ ಅಂದ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅದಿಲ್ಲದಿದ್ರೆ ತಿಂಗಳಿಗೆ ಲಕ್ಷ.

ಡೊಂಬಿವಲಿ ಕನ್ನಡಿಗ:
ಅರ್ಧ ಸರಿ. ಆ ಪೇಟೆಂಟ್ ಅರ್ಜಿಯನ್ನ ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲೇ ತಳ್ಳಿಹಾಕಿತ್ತು. ಜನೆರಿಕ್, ಅಂದ್ರೆ ಬೇರೆ ಕಂಪನಿಗಳು ಮಾಡೋ ಅದೇ ಔಷಧಿಯ ಅಗ್ಗದ ಮಾತ್ರೆ, ಆಗಲೂ ಇತ್ತು. 2013ರ ಏಪ್ರಿಲ್ 1ಕ್ಕೆ ಕೋರ್ಟ್ ಅದನ್ನೇ ಖಾಯಂ ಮಾಡಿದ್ದು. ಅದೂ ಅಲ್ಲದೆ ಕಂಪನಿಯವರೇ ಸಾವಿರಾರು ಜನಕ್ಕೆ ಪುಕ್ಕಟೆ ಕೊಡ್ತಿದ್ರು. ನನ್ನ ತಮ್ಮ ಆರು ವರ್ಷ ಆ ಮಾತ್ರೆಯಲ್ಲೇ ಬದುಕಿದ.

ದಾವಣಗೆರೆ ಮೇಷ್ಟ್ರು:
ಪುಕ್ಕಟೆ ಸಿಕ್ಕವರಿಗೆ ಸಿಕ್ತು. ನಾನು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದವನು. ಲೆಕ್ಕ ನನಗೆ ಹೇಳಬೇಡಿ.

ಬೆಳಗಾವಿ ಅಣ್ಣ:
ಆ ಹುಡುಗಿ ಕೇಳಿದ್ದು ಅವರಪ್ಪನ ವಿಷಯ. ಹತ್ತು ಮಂದಿ ಮಾತಾಡಿದ್ವಿ, ಯಾರೂ ಸರಿಯಾಗಿ ಹೇಳಿಲ್ಲ.

ಹಾವೇರಿ ಹುಡುಗಿ:
ಎಲ್ಲ ಓದಿದೆ. ಟೆಸ್ಟ್ ಮಾಡಿಸ್ತೀನಿ. ಆದ್ರೆ ಅದಕ್ಕೆ "ಬ್ಲಾಕ್" ತನ್ನಿ ಅಂತಾರೆ. ಯಾರ ಹತ್ರ ಇರುತ್ತೆ?

ನಿವೃತ್ತ ಪೆಥಾಲಜಿಸ್ಟ್:
ಆಪರೇಷನ್ ಆದ ಆಸ್ಪತ್ರೆಯ ಲ್ಯಾಬಿನಲ್ಲಿ ಕೇಳಿ. ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕು ಅದು. ರಿಪೋರ್ಟಿನ ನಂಬರ್ ಹೇಳಿ, ಪತ್ರ ಕೊಟ್ಟು, ಸಹಿ ಹಾಕಿ ತಗೊಳ್ಳಿ. ಕೆಲಸ ಮುಗಿದ ಮೇಲೆ ವಾಪಸ್ ತರಲು ಮರೆಯಬೇಡಿ, ಮುಂದೆಯೂ ಬೇಕಾಗುತ್ತೆ.

ಮೈಸೂರು ಅಕ್ಕ:
ಒಂದು ಮಾತು ಮಗಳೇ. ಅದನ್ನ ಬಿಸಿಲಲ್ಲಿ ಇಡಬೇಡ. ನಾನು ಏಪ್ರಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಬ್ಯಾಂಕಿಗೆ ಹೋಗಿದ್ದೆ. ಬರೋಷ್ಟರಲ್ಲಿ ಅಂಚು ಮೆತ್ತಗಾಗಿತ್ತು. ಮಡಿಲಲ್ಲಿಟ್ಟುಕೊಂಡು ಮನೆಗೆ ಬರೋವರೆಗೂ ಅತ್ತಿದ್ದೀನಿ.